ಆಪ್ತಮಿತ್ರವೋ, ಆಪ್ತರಕ್ಷಕವೋ?

ವಿಷ್ಣುವರ್ಧನ್ ಅವರ ಭಯ-ನಗು ಬೆರೆತ ಚಿತ್ರಗಳಲ್ಲಿ ಯಾವುದು ಮೊದಲು ನೋಡಲಿ ಅಂದ್ರಲ್ಲ? ಎರಡೂ ಪಿ. ವಾಸು ನಿರ್ದೇಶನದವು.

ಮನೆಮಂದಿಯೆಲ್ಲ ಕೂತು ನಗಬೇಕಾದರೆ 2004ರ 'ಆಪ್ತಮಿತ್ರ'. ದ್ವಾರಕೀಶ್ ಹೆದರಿದಷ್ಟೂ ನಮಗೆ ನಗು ಜಾಸ್ತಿ. ಆದರೆ ನಟಿ ಸೌಂದರ್ಯ, ನಾಗವಲ್ಲಿ ಎಂಬ ಸತ್ತ ನರ್ತಕಿಯಂತಾದಾಗ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ಚಿತ್ರ ಬರುವಷ್ಟರಲ್ಲಿ ಅವರೇ ಇರಲಿಲ್ಲ. ಇಂದಿಗೂ ಆ ಕಣ್ಣುಗಳನ್ನು ನೋಡಿದರೆ ಸಂಕಟವಾಗುತ್ತದೆ.

ಕಥೆಯ ಬಿಗಿ ಇದರಲ್ಲೇ ಹೆಚ್ಚು. ಭಯದ ಅಬ್ಬರ 2010ರ 'ಆಪ್ತರಕ್ಷಕ'ದಲ್ಲಿ ಹೆಚ್ಚು.

ವಿಷ್ಣು ಅವರಿಗಾಗಿಯೇ ನೋಡುತ್ತೀರಾ? ಹಾಗಾದರೆ 'ಆಪ್ತರಕ್ಷಕ'. ಅವರ 200ನೇ ಚಿತ್ರ, ತೆರೆ ಕಂಡದ್ದು ಅವರು ಹೋದ ಮೇಲೆ. ಶಾಂತ ವೈದ್ಯನೂ ಅವರೇ, ಕ್ರೂರ ರಾಜನೂ ಅವರೇ. ಇದು ಮುಂದುವರಿದ ಭಾಗವಾದ್ದರಿಂದ, ಕಥೆ ಪೂರ್ತಿ ಹಿಡಿಯಬೇಕೆಂದರೆ ಮಾತ್ರ 'ಆಪ್ತಮಿತ್ರ' ಮೊದಲು ನೋಡಿರಬೇಕು.