ಲಂಡನ್ ಕ್ರಿಸ್ಮಸ್ ಲೈಟ್ಸ್ ವಾಕಿಂಗ್ ಟೂರ್: ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಬುಕ್ ಮಾಡೋ ಮುಂಚೆ ಓದಿ

ಐದಕ್ಕೆ ಎರಡು ಸ್ಟಾರ್ ಕೊಡ್ತೀನಿ, ಆ ಎರಡೂ ಗೈಡ್ ಹುಡುಗಿಗೆ. ಕಂಪನಿ ಹೆಸರು ಹಾಕ್ತಿಲ್ಲ, ಇದೇ ರೂಟಲ್ಲಿ ಇದೇ ಥರ ಕರ್ಕೊಂಡು ಹೋಗೋರು ತುಂಬಾ ಜನ ಇದ್ದಾರೆ, ನನ್ನ ಬೇಜಾರು ಈ ಥರದ ಟೂರ್ ಬಗ್ಗೆನೇ.

ನಾವಿರೋದು ರೆಡಿಂಗಲ್ಲಿ, ಮೈಸೂರಿಂದ ಅಪ್ಪ ಅಮ್ಮ ಬಂದಿದ್ರು. ಅಮ್ಮಂಗೆ ಮಂಡಿ ನೋವು, ಅಪ್ಪಂಗೆ ಏನ್ ನೋಡಿದ್ರೂ ಅದರ ಹಿಂದಿನ ಕಥೆ ಬೇಕು, ಸುಮ್ನೆ ಲೈಟ್ ನೋಡ್ಕೊಂಡು ಓಡಾಡೋ ಬದಲು ಗೊತ್ತಿರೋರು ಯಾರಾದ್ರೂ ಹೇಳ್ತಾ ಹೋದ್ರೆ ಚೆನ್ನಾಗಿರುತ್ತೆ ಅನ್ಕೊಂಡು ಬುಕ್ ಮಾಡಿದ್ವಿ, ಒಬ್ಬೊಬ್ಬರಿಗೆ ಇಪ್ಪತ್ತು ಪೌಂಡ್ ಮೇಲೆ. ಸ್ಮಾಲ್ ಗ್ರೂಪ್ ಅಂತ ಬರೆದಿದ್ರು, ನಿಧಾನವಾಗಿ ನಡೆಸ್ತೀವಿ ಅಂತ ಬರೆದಿದ್ರು, ಟ್ರಫಾಲ್ಗರ್ ಸ್ಕ್ವೇರಲ್ಲಿ ನಿಲ್ಲಿಸೋ ಕ್ರಿಸ್ಮಸ್ ಮರದ ಹತ್ರ ಮುಗಿಸ್ತೀವಿ ಅಂತ ಬರೆದಿದ್ರು. ಮೂರೂ ಆಗ್ಲಿಲ್ಲ.

ಡಿಸೆಂಬರ್ ಶನಿವಾರ, ಸಂಜೆ ನಾಲ್ಕೂವರೆಗೆ ಆಕ್ಸ್‌ಫರ್ಡ್ ಸರ್ಕಸ್ ಅನ್ನೋ ದೊಡ್ಡ ಜಂಕ್ಷನ್ ಹತ್ರ ಸೇರ್ಬೇಕಿತ್ತು. ಈ ತಿಂಗಳಲ್ಲಿ ಇಲ್ಲಿ ನಾಲ್ಕು ಗಂಟೆ ಒಳಗೇ ಸೂರ್ಯ ಮುಳುಗೋದ್ರಿಂದ ಅಷ್ಟೊತ್ತಿಗೆ ಪೂರ್ತಿ ಕತ್ತಲು, ಮೇಲೆ ಲೈಟು, ಕೆಳಗೆ ಜನ, ಜನ, ಜನ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಲಿ ನಿಂತು ಅಭ್ಯಾಸ ಇರೋರು ನಮ್ಮಪ್ಪ ಅಮ್ಮ, ಆದ್ರೆ ಅಲ್ಲಿ ಒಂದ್ ಕಡೆ ಜಾಗ ಹಿಡ್ಕೊಂಡು ಕೂತ್ರೆ ಮೆರವಣಿಗೆನೇ ನಮ್ಮ ಮುಂದೆ ಬರುತ್ತೆ, ಇಲ್ಲಿ ಆ ನೂಕುನುಗ್ಗಲಲ್ಲಿ ನಾವೇ ನಡೀತಾ ಇರ್ಬೇಕು, ನಿಂತ್ರೆ ಹಿಂದಿನೋರು ತಳ್ತಾರೆ. ನಮ್ಮ ಗುಂಪಲ್ಲಿ ನಲವತ್ತು ಜನ ಆದ್ರೂ ಇದ್ರು. ಗೈಡ್ ಕೈಲಿ ಮೈಕ್ ಇಲ್ಲ, ನಮ್ಮ ಕಿವಿಗೆ ಇಯರ್‌ಪೀಸ್ ಇಲ್ಲ, ಒಂದು ಕೆಂಪು ಛತ್ರಿ ಎತ್ಕೊಂಡು ಮುಂದೆ ಹೋಗ್ತಿದ್ಲು ಅಷ್ಟೆ. ಆಕ್ಸ್‌ಫರ್ಡ್ ಸರ್ಕಸಲ್ಲಿ ನಾಲ್ಕೂ ಕಡೆ ಗಾಡಿ ನಿಲ್ಲಿಸಿ ಮೂಲೆಯಿಂದ ಮೂಲೆಗೆ ಅಡ್ಡಡ್ಡ ದಾಟಕ್ಕೆ ಬಿಡ್ತಾರಲ್ಲ, ಅಲ್ಲೇ ಅರ್ಧ ಗುಂಪು ಆಚೆ ಅರ್ಧ ಈಚೆ ಆಯ್ತು, ನಾವು ದಾಟಿ ಬರೋಷ್ಟರಲ್ಲಿ ಅವಳ ಮಾತು ಮುಗಿದಿತ್ತು.

ಅವಳಿಗೆ ವಿಷಯ ಚೆನ್ನಾಗಿ ಗೊತ್ತಿತ್ತು, ಅದೇ ಇನ್ನೂ ಬೇಜಾರು. ರೀಜೆಂಟ್ ಸ್ಟ್ರೀಟಲ್ಲಿ ಅಪ್ಪ ಹೇಗೋ ಮುಂದೆ ನುಗ್ಗಿ ನಿಂತ್ಕೊಂಡು ಕೇಳಿಸ್ಕೊಂಡ್ರು, ಈ ರಸ್ತೆಗೆ ಕ್ರಿಸ್ಮಸ್ ಲೈಟ್ ಹಾಕೋದು ಶುರುವಾಗಿದ್ದು 1954ರಲ್ಲಿ, ಆಕ್ಸ್‌ಫರ್ಡ್ ಸ್ಟ್ರೀಟಲ್ಲಿ ಅದಾದ್ಮೇಲೆ 1959ರಲ್ಲಿ ಅಂತ. ರಸ್ತೆಗೆ ಅಡ್ಡಲಾಗಿ ರೆಕ್ಕೆ ಬಿಚ್ಕೊಂಡು ತೇಲೋ ಲೈಟಿನ ದೇವತೆಗಳು ನಿಜವಾಗ್ಲೂ ಚೆಂದ, ಫೋಟೋಲಿ ನೋಡಿದ್ದಕ್ಕಿಂತ ಎಷ್ಟೋ ದೊಡ್ಡದು, ಆರ್ಕಿಟೆಕ್ಟ್ ಜಾನ್ ನ್ಯಾಶ್ ಎಳೆದ ಆ ರಸ್ತೆಯ ಬಾಗು ಇದ್ಯಲ್ಲ, ಅದು ತಿರುಗೋ ಕಡೆ ನಿಂತು ನೋಡ್ಬೇಕು. ಎಲ್ಲಿಂದ ನಿಂತು ನೋಡೋದು? ಒಂದು ನಿಮಿಷ ಸಿಗ್ಲಿಲ್ಲ, 'ಕಮ್ ಆನ್, ಕಮ್ ಆನ್' ಅಂತ ಕಾರ್ನಬಿ ಸ್ಟ್ರೀಟಿಗೆ ನುಗ್ಗಿಸಿದ್ರು.

ಅಮ್ಮಂಗೆ ಟಾಯ್ಲೆಟ್ಟಿಗೆ ಹೋಗ್ಬೇಕಿತ್ತು. ಗೈಡನ್ನ ಕೇಳಿದ್ರೆ ಪಾಪ ಅವಳು ರೂಟಲ್ಲಿ ಅದಕ್ಕೆ ನಿಲ್ಲಿಸಕ್ಕಾಗಲ್ಲ ಅಂದ್ಲು. ಎರಡು ಗಂಟೆ ಚಳಿಲಿ ನಡೆಸೋ ಟೂರಲ್ಲಿ ವಯಸ್ಸಾದೋರು ಇರ್ತಾರೆ ಅನ್ನೋದು ಕಂಪನಿಯೋರಿಗೆ ಹೊಳೀಲೇ ಇಲ್ವಾ? 'ನಿಮ್ಮಪ್ಪನ್ನ ಕಳ್ಕೊಂಡ್ಬಿಟ್ಟೀಯ ಕಣೇ, ನನ್ ಬಿಡು, ಅವರ ಕೈ ಹಿಡ್ಕೋ' ಅಂತ ಅಮ್ಮ ಹೇಳ್ತಾನೇ ಇದ್ರು, ಲೈಟ್ ಕಡೆ ತಲೆ ಎತ್ತಿದ್ದೇ ಕಮ್ಮಿ. ಲೆಸ್ಟರ್ ಸ್ಕ್ವೇರ್ ಹೆಂಗಿತ್ತು ಅಂತ ನಂಗೂ ನೆನಪಿಲ್ಲ.

ಕೊನೆಗೆ ಟೈಮ್ ಆಯ್ತು ಅಂತ ಕವೆಂಟ್ ಗಾರ್ಡನಲ್ಲೇ ಟಾಟಾ ಹೇಳ್ಬಿಟ್ರು. ಮಂಡಿ ನೋವಿರೋರನ್ನ ಬಿಟ್ಟು ಹೋಗೋ ಜಾಗನಾ ಅದು? ಅಲ್ಲಿನ ಟ್ಯೂಬ್ (ನೆಲದಡಿ ರೈಲು) ಸ್ಟೇಷನಲ್ಲಿ ಎಸ್ಕಲೇಟರ್ ಇಲ್ಲ, ಲಿಫ್ಟಿಗೆ ಕಾಯ್ಬೇಕು, ಇಲ್ಲಾಂದ್ರೆ 193 ಮೆಟ್ಟಿಲು ಸುತ್ತಿ ಸುತ್ತಿ ಇಳೀಬೇಕು.

ಟ್ರಫಾಲ್ಗರ್ ಸ್ಕ್ವೇರಿಗೆ ನಾವೇ ನಿಧಾನಕ್ಕೆ ನಡ್ಕೊಂಡು ಹೋದ್ವಿ. ಇಡೀ ಸಂಜೆಲಿ ಅಪ್ಪ ಅಮ್ಮ ಖುಷಿಯಾಗಿದ್ದು ಅಲ್ಲೊಂದೇ. ಆ ಮರ ನೋಡಿ ತುಂಬಾ ಜನ ಇಷ್ಟೇನಾ ಅಂತಾರೆ, ಬಣ್ಣದ ಉಂಡೆ ಇಲ್ಲ, ರಿಬ್ಬನ್ ಇಲ್ಲ, ನಾರ್ವೆ ಪದ್ಧತಿ ಪ್ರಕಾರ ಮೇಲಿಂದ ಕೆಳಗೆ ನೆಟ್ಟಗೆ ಇಳಿಬಿಟ್ಟ ಬಿಳಿ ದೀಪದ ಸರ ಮಾತ್ರ. ಆದ್ರೆ ಅದರ ಹಿಂದಿರೋದು ಎಂಥ ಕಥೆ! ಎರಡನೇ ಮಹಾಯುದ್ಧದಲ್ಲಿ ಜರ್ಮನಿ ನಾರ್ವೆನ ಹಿಡ್ಕೊಂಡಾಗ ಅಲ್ಲಿನ ರಾಜ ಹಾಕೊನ್ ಮತ್ತೆ ಸರ್ಕಾರ ಲಂಡನಲ್ಲಿ ಇದ್ಕೊಂಡು ಹೋರಾಡಿದ್ರು, ಆ ಉಪಕಾರ ನೆನೆಸ್ಕೊಂಡು ಓಸ್ಲೋ ನಗರ 1947ರಿಂದ ಪ್ರತಿ ವರ್ಷ ತಮ್ಮ ಕಾಡಿನ ಸ್ಪ್ರೂಸ್ ಮರ ಕಡಿದು ಹಡಗಲ್ಲಿ ಕಳಿಸುತ್ತೆ, 20 ಮೀಟರ್ ಮೇಲಿರುತ್ತೆ. ಇದನ್ನ ನಾನೇ ಅಪ್ಪಂಗೆ ಹೇಳ್ದೆ. ಪಕ್ಕದಲ್ಲಿ ಒಂದು ತಂಡ ಕ್ರಿಸ್ಮಸ್ ಹಾಡು ಹಾಡ್ತಾ ಇತ್ತು, ಅಪ್ಪ ಆ ಮರದ ಸುತ್ತ ಎರಡು ಸುತ್ತು ಬಂದ್ರು. ಟೂರಿನೋರು ದುಡ್ಡು ತಗೊಂಡು ಬಿಟ್ಟಿದ್ದು ಇದನ್ನ.

ರೀಫಂಡ್ ಕೇಳಿದ್ದಕ್ಕೆ ಮುಂದಿನ ಟೂರಿಗೆ ಡಿಸ್ಕೌಂಟ್ ಕೂಪನ್ ಕಳ್ಸಿದ್ರು. ನಂಗೆ ಬೇಡ. ಎಷ್ಟು ಜನನ ಕರ್ಕೊಂಡು ಹೋಗ್ತೀರೋ ಅಷ್ಟನ್ನೇ ವೆಬ್‌ಸೈಟಲ್ಲಿ ಬರೀರಿ ಅಂತ ವಾಪಸ್ ಬರ್ದಿದೀನಿ.

ದಯವಿಟ್ಟು ಈ ದುಡ್ಡು ಕೊಡ್ಬೇಡಿ, ಈ ಲೈಟೆಲ್ಲಾ ಫ್ರೀ. ಶನಿವಾರ ಭಾನುವಾರ ಬಿಟ್ಟು ವಾರದ ಮಧ್ಯೆ ಹೋಗಿ, 139ನೇ ನಂಬರ್ ಡಬಲ್ ಡೆಕ್ಕರ್ ಹತ್ತಿ ಮೇಲಿನ ಮುಂದಿನ ಸೀಟಲ್ಲಿ ಕೂರ್ಸಿ, ಆಕ್ಸ್‌ಫರ್ಡ್ ಸ್ಟ್ರೀಟು, ರೀಜೆಂಟ್ ಸ್ಟ್ರೀಟು, ಟ್ರಫಾಲ್ಗರ್ ಸ್ಕ್ವೇರು ಮೂರೂ ಸಿಗುತ್ತೆ, 2025ರಲ್ಲಿ 1.75 ಪೌಂಡ್ ಇತ್ತು, ಬಸ್ಸಲ್ಲಿ ಕ್ಯಾಶ್ ತಗೊಳಲ್ಲ, ಕಾರ್ಡ್ ತಟ್ಟಿದ್ರೆ ಸಾಕು. ಸ್ಕ್ವೇರ್ ಎದುರಿಗೇ ಇರೋ ನ್ಯಾಷನಲ್ ಗ್ಯಾಲರಿಗೆ ಎಂಟ್ರಿ ಫ್ರೀ, ಟಾಯ್ಲೆಟ್ ಇದೆ, ಬೆಚ್ಚಗಿರುತ್ತೆ, ಶುಕ್ರವಾರ ರಾತ್ರಿ 9ರ ತನಕ ತೆಗೆದಿರುತ್ತೆ, ಹಂಗಾಗಿ ಶುಕ್ರವಾರ ಆದ್ರೆ ಆರಾಮ. ಮಧ್ಯಾಹ್ನವೇ ಹೊರಟ್ರೆ ಬೆಳಕಿರೋವಾಗ ಲ್ಯಾಂಬೆತ್ ಬ್ರಿಡ್ಜ್ ಹತ್ರ ಥೇಮ್ಸ್ ದಡದಲ್ಲಿ 2015ರಲ್ಲಿ ಅನಾವರಣ ಆದ ನಮ್ಮ ಬಸವಣ್ಣನ ಪ್ರತಿಮೆ ಮುಂದೆ ಒಂದು ಫೋಟೋನೂ ತಗೋಬಹುದು, ಊರಿಂದ ಬಂದೋರು ಅದನ್ನ ಕೇಳೇ ಕೇಳ್ತಾರೆ.

ಇನ್ನೊಂದು, 25ನೇ ತಾರೀಖಿಗೆ ಮಾತ್ರ ಪ್ಲಾನ್ ಹಾಕ್ಬೇಡಿ, ಅವತ್ತು ಲಂಡನಲ್ಲಿ ಟ್ಯೂಬೂ ಇಲ್ಲ ಬಸ್ಸೂ ಇಲ್ಲ.