ಡಿಡಿ ಫ್ರೀ ಡಿಶ್: ತಿಪಟೂರಿನ ತೋಟದ ಮನೆಯಲ್ಲಿ ಐದು ವರ್ಷ

ತಿಪಟೂರು ತಾಲ್ಲೂಕಿನ ನಮ್ಮ ತೋಟದ ಮನೆಯ ತಾರಸಿಯಿಂದ ಹಳೆಯ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಇಳಿಸಿ, ದೂರದರ್ಶನದ ಉಚಿತ ಉಪಗ್ರಹ ಟಿವಿ ಸೇವೆಯಾದ ಡಿಡಿ ಫ್ರೀ ಡಿಶ್ ಹಾಕಿ ಐದು ವರ್ಷವಾಯಿತು. ದೂರದರ್ಶನವು ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಹಂತಹಂತವಾಗಿ ಮುಚ್ಚುತ್ತಾ ಬಂದು 2022ರ ಹೊತ್ತಿಗೆ ಬಹುತೇಕ ನಿಲ್ಲಿಸಿರುವುದರಿಂದ, ತಿಂಗಳ ಶುಲ್ಕವಿಲ್ಲದೆ ಚಂದನ ನೋಡಬಯಸುವ ಹಳ್ಳಿಮನೆಗಳಿಗೆ ನಾನು ಹೇಳುವುದು ಇದನ್ನೇ.

ಸೆಟ್ ಟಾಪ್ ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ) ಇದೆಯೇ ಎಂದು ಕೇಳಿಯೇ ಹಣ ಕೊಡಿ. ಅಂಗಡಿಯವರು ನಮಗೆ ಮೊದಲು ಕೊಟ್ಟ ಬಾಕ್ಸಿನಲ್ಲಿ ಹಳೆಯ ವಿಧಾನವಾದ ಎಂಪೆಗ್-2ರ ವಾಹಿನಿಗಳಷ್ಟೇ ಬರುತ್ತಿದ್ದವು. ಹಿಂದಕ್ಕೆ ಪಡೆಯಲು ಅವರು ಒಪ್ಪದ ಕಾರಣ ಮತ್ತೊಂದನ್ನು ಕೊಂಡೆವು.

ಆದರೆ ನೋಡುವ ಸುಖವೆಲ್ಲ ನಿಂತಿರುವುದು ಜೋಡಣೆಯ ಮೇಲೆ. ಫ್ರೀ ಡಿಶ್ ವಾಹಿನಿಗಳನ್ನು ಕಳಿಸುವ ಜಿಸ್ಯಾಟ್-15 ಉಪಗ್ರಹವು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದು, ನಮ್ಮೂರಿನಿಂದ ನೋಡಿದರೆ ಆಗ್ನೇಯ ದಿಕ್ಕಿನಲ್ಲಿ ಸುಮಾರು 65 ಡಿಗ್ರಿ ಎತ್ತರಕ್ಕೆ ಬರುತ್ತದೆ. ಸುತ್ತಲೂ ತೆಂಗಿರುವ ನಮಗೆ ಈ ಎತ್ತರವೇ ದೊಡ್ಡ ಅನುಕೂಲ: ಆ ದಿಕ್ಕಿನ ಮರ ಡಿಶ್‌ಗಿಂತ ಹತ್ತು ಅಡಿ ಮೇಲಿದ್ದರೆ ಐದು ಅಡಿ ದೂರವಿದ್ದರೆ ಸಾಕು, ನಲವತ್ತು ಅಡಿ ಮೇಲಿದ್ದರೆ ಇಪ್ಪತ್ತು ಅಡಿ. ಗರಿಗಳ ಹರವನ್ನೂ ಲೆಕ್ಕಕ್ಕೆ ಹಿಡಿದು ನಾವು ಜಾಗ ಆರಿಸಿದೆವು. ಡಿಶ್‌ನ ಮುಖ ಆಕಾಶಕ್ಕಿಂತ ತಗ್ಗಿಗೇ ನೋಡುತ್ತಿರುವಂತೆ ಕಂಡರೆ ಗಾಬರಿಯಾಗಬೇಕಿಲ್ಲ. ಸಿಗ್ನಲ್ ಹಿಡಿಯುವ ಭಾಗ ನಡುವೆ ಇರದೆ ಕೆಳಬದಿಗೆ ಸರಿದಿರುವ ಆಫ್‌ಸೆಟ್ ಡಿಶ್‌ನ ರಚನೆಯೇ ಹಾಗೆ.

ಜೋಡಿಸುವಾಗ ಟಿವಿಯ ಪರದೆಯಲ್ಲಿ ಸಿಗ್ನಲ್ ಅಳತೆಯ ಎರಡು ಪಟ್ಟಿಗಳು ಕಾಣುತ್ತವೆ. ಅವುಗಳಲ್ಲಿ ಸಿಗ್ನಲ್ ಸ್ಟ್ರೆಂತ್ ಎಂಬುದು ಕೇಬಲ್ ಸರಿಯಿದ್ದರೆ ಡಿಶ್ ಯಾವ ಕಡೆ ತಿರುಗಿದ್ದರೂ ಏರಿರುತ್ತದೆ, ನಂಬಬೇಕಾದದ್ದು ಕ್ವಾಲಿಟಿಯನ್ನು. ನನ್ನ ತಮ್ಮ ತಾರಸಿಯ ಮೇಲೆ ನಿಂತು ಡಿಶ್ ಅನ್ನು ಕೂದಲೆಳೆಯಷ್ಟು ಸರಿಸುವುದು, ನಾನು ಒಳಗಿನಿಂದ ಫೋನಿನಲ್ಲಿ "ಬಂತು, ಅಲ್ಲೇ ಬಿಗಿ ಮಾಡು" ಎನ್ನುವುದು, ಬೋಲ್ಟು ಬಿಗಿಯುವಾಗ ಅದು ಮತ್ತೆ ಜರುಗುವುದು, ಹೀಗೆ ಒಂದು ಮಧ್ಯಾಹ್ನವೇ ಕಳೆಯಿತು. ಆ ಮಧ್ಯಾಹ್ನದ ಶ್ರಮದಿಂದಲೇ ಆಷಾಢದ ಗಾಳಿಗೂ ಡಿಶ್ ಅಲುಗದೆ ನಿಂತಿದೆ.

ಮೂರನೆಯ ಮಳೆಗಾಲದಲ್ಲಿ ಚಿತ್ರ ಚೌಕಚೌಕವಾಗಿ ಒಡೆಯತೊಡಗಿತು. ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಭಾಗಕ್ಕೆ) ಸೇರುವ ಕನೆಕ್ಟರ್ ಬಿಚ್ಚಿ ನೋಡಿದರೆ ಒಳಗೆ ನೀರು ಇಳಿದು ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿದಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಮೇಲೆ ರಬ್ಬರ್ ಟೇಪ್ ಸುತ್ತಿ, ನೀರು ಕನೆಕ್ಟರ್‌ಗೆ ಹರಿಯದೆ ಕೆಳಗೇ ತೊಟ್ಟಿಕ್ಕಲೆಂದು ಕೇಬಲ್ಲನ್ನು ಒಂದು ಸುತ್ತು ಕೆಳಕ್ಕೆ ಬಳಸಿ ಕಟ್ಟಿದೆವು. ಅಂದಿನಿಂದ ಆ ತೊಂದರೆಯಿಲ್ಲ. ಬಿರುಮಳೆಗೆ ಕೆಲವು ನಿಮಿಷ ಚಿತ್ರ ಹೋಗುವುದು ಮಾತ್ರ ತಪ್ಪುವುದಿಲ್ಲ. ಮಾರ್ಚ್ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಗಿನ ಹನ್ನೊಂದರ ಆಸುಪಾಸಿಗೆ ಸೂರ್ಯ ಉಪಗ್ರಹದ ನೇರ ಹಿಂದೆ ಬಂದಾಗಲೂ ಹೀಗಾಗುತ್ತದೆ. ಆಗ ಡಿಶ್ ಮುಟ್ಟಬೇಡಿ.

ವಾಹಿನಿಗಳ ಜಾಗ ಹರಾಜಿನಲ್ಲಿ ಹಂಚಿಕೆಯಾಗುವುದರಿಂದ ಪಟ್ಟಿ ಬದಲಾಗುತ್ತಿರುತ್ತದೆ. ಆಗಾಗ ಹೊಸದಾಗಿ ಸ್ಕ್ಯಾನ್ ಮಾಡಬೇಕು. ಖಾಸಗಿ ವಾಹಿನಿಗಳ ಕನ್ನಡ ಧಾರಾವಾಹಿಗಳೇ ಬೇಕೆನ್ನುವವರಿಗೆ ಇದನ್ನು ಹೇಳಲಾರೆ. ನಮ್ಮ ಮನೆಯಲ್ಲಿ ಅಪ್ಪನಿಗೆ ಚಂದನದ ಕೃಷಿ ಕಾರ್ಯಕ್ರಮ, ಅಮ್ಮನಿಗೆ 'ಥಟ್ ಅಂತ ಹೇಳಿ' ಸಿಕ್ಕರೆ ಸಾಕು, ಅವೆರಡೂ ಒಂದು ರೂಪಾಯಿ ರೀಚಾರ್ಜ್ ಇಲ್ಲದೆ ಬರುತ್ತಿವೆ.