ಅಕ್ಷರ ಹಿಡಿದು ಉದ್ದನೆಯ ಪದ ಹುಡುಕಲು ವನ್‌ಲುಕ್

ನಿರ್ದಿಷ್ಟ ಅಕ್ಷರಗಳಿರುವ ಉದ್ದನೆಯ ಇಂಗ್ಲಿಷ್ ಪದಗಳನ್ನು ಹುಡುಕುವವರಿಗೆ, ಅನೇಕ ನಿಘಂಟುಗಳ ಪದಗಳನ್ನು ಒಂದೇ ಕಡೆ ಶೋಧಿಸುವ ವನ್‌ಲುಕ್ (OneLook) ಜಾಲತಾಣವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಇಲ್ಲಿ ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಗಳಿಗಾದರೂ ಸಲ್ಲುತ್ತದೆ, ಪ್ರಶ್ನಾರ್ಥಕ ಚಿಹ್ನೆ ಒಂದೇ ಒಂದು ಅಕ್ಷರಕ್ಕೆ ಸಲ್ಲುತ್ತದೆ.

ಅಕ್ಷರಗಳ ಅನುಕ್ರಮದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕ್ಯೂ ಮೊದಲು, ಎಕ್ಸ್ ನಂತರ ಇಟ್ಟು ನಡುವೆ ಹಾಗೂ ಎರಡೂ ತುದಿಗಳಲ್ಲಿ ನಕ್ಷತ್ರ ಹಾಕಿದರೆ ‘ಕ್ವಿಕ್ಸಾಟಿಕ್’ (quixotic) ದೊರೆಯುತ್ತದೆಯೇ ಹೊರತು ‘ಎಕ್ಸ್‌ಚೆಕರ್’ (exchequer) ದೊರೆಯುವುದಿಲ್ಲ, ಏಕೆಂದರೆ ಅದರಲ್ಲಿ ಎಕ್ಸ್ ಮೊದಲೇ ಬಂದಿರುತ್ತದೆ. ಮೂರು ಅಕ್ಷರಗಳಾದರೆ ಆರು ಅನುಕ್ರಮಗಳಾಗುತ್ತವೆ. ಆದರೆ ಪ್ರತಿಯೊಂದು ಅಕ್ಷರಕ್ಕೂ ಎರಡು ಬದಿಯಲ್ಲಿ ನಕ್ಷತ್ರವಿಟ್ಟು, ಆ ವಿನ್ಯಾಸಗಳನ್ನು ಅಲ್ಪವಿರಾಮದಿಂದ ಜೋಡಿಸಿದರೆ ಅನುಕ್ರಮದ ಕಟ್ಟುಪಾಡೇ ಇಲ್ಲವಾಗುತ್ತದೆ. ನನ್ನ ದೃಷ್ಟಿಯಲ್ಲಿ ಈ ತಾಣದ ನಿಜವಾದ ಬೆಲೆ ಇರುವುದು ಈ ಸೌಲಭ್ಯದಲ್ಲಿಯೇ, ಆದರೂ ಹೊಸಬರ ಕಣ್ಣಿಗೆ ಅದು ಸುಲಭವಾಗಿ ಬೀಳುವುದಿಲ್ಲ.

ಉದ್ದವನ್ನು ನಿಗದಿಪಡಿಸಲು ಅದೇ ಅಲ್ಪವಿರಾಮದ ಮುಂದೆ 15 ಪ್ರಶ್ನಾರ್ಥಕ ಚಿಹ್ನೆಗಳನ್ನು ಸೇರಿಸಬಹುದು. ಅಕ್ಷರ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಹಲಗೆಯ ಒಂದು ಸಾಲಿನಲ್ಲಿ 15 ಮನೆಗಳಿರುವುದರಿಂದ ಆಟಗಾರರಿಗೆ ಈ ಅಳತೆ ಮುಖ್ಯ. ಒಂದು ಅಕ್ಷರವೂ ಪುನರಾವರ್ತನೆಯಾಗದ ‘ಅನ್‌ಕಾಪಿರೈಟಬಲ್’ (uncopyrightable) ಎಂಬ ಸೊಗಸಾದ ಪದವೂ ಸರಿಯಾಗಿ 15 ಅಕ್ಷರಗಳದ್ದು. ಬೇಡವಾದ ಅಕ್ಷರಗಳನ್ನು ಕಳೆಯುವ ಚಿಹ್ನೆಯಿಂದ ಹೊರಗಿಡುವುದಕ್ಕೂ ಅವಕಾಶವಿದೆ.

ಫಲಿತಾಂಶಗಳಲ್ಲಿ ಪದಗುಚ್ಛಗಳೂ ಹೆಸರುಗಳೂ ಬೆರೆತು ಬರುತ್ತವೆ. ಆದ್ದರಿಂದ ಸ್ಪರ್ಧೆಗೆ ತಯಾರಾಗುವವರು ದೊರೆತ ಪದವನ್ನು ತಮ್ಮ ಆಟದ ಅಧಿಕೃತ ಪದಪಟ್ಟಿಯಲ್ಲಿ ಮತ್ತೊಮ್ಮೆ ಪರಿಶೀಲಿಸಲೇಬೇಕು.